ಗೆದ್ದವನೂ ಏಳಬೇಕು


*ಇಂದಿನ ಧಮ್ಮ ಚಿಂತನೆ*



ಸೋತವನು ಮತ್ತೆ ಎದ್ದು ನಿಂತ ಕಥೆಗಳನ್ನು ದಿನಾ ಓದುತ್ತೇವೆ. ಯುದ್ಧ ಗೆದ್ದವನೂ ಒಳಗೆ ಬಿದ್ದಿರುತ್ತಾನೆ, ಅವನೂ ಏಳಬೇಕಾಗುತ್ತದೆ ಎಂದು ನನಗೆ ತಿಳಿದದ್ದು ಸಾಮ್ರಾಟ ಅಶೋಕನಿಂದ. ಅವನ ಕುರುಹು ನಮ್ಮ ಕಕ್ಕೇರಾದಿಂದ ಬಹಳ ದೂರವೇನಿಲ್ಲ. ಕೃಷ್ಣೆಯ ಆಚೆ ಮಸ್ಕಿಯಲ್ಲಿ ಅವನ ಹೆಸರಿರುವ ಶಾಸನ 1915ರಲ್ಲಿ ಸಿಕ್ಕಿತು. ಇತ್ತ ಭೀಮಾ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನವೆಂದು ಗೊತ್ತಾಯಿತು.

ಪಟ್ಟವಾಗಿ ಎಂಟು ವರ್ಷಕ್ಕೆ ಅವನು ಕಳಿಂಗವನ್ನು ಗೆದ್ದ. ಹದಿಮೂರನೇ ಬಂಡೆ ಶಾಸನದಲ್ಲಿ ಲೆಕ್ಕವನ್ನು ತಾನೇ ಕೊಡುತ್ತಾನೆ: ಸೆರೆ ಒಯ್ದವರು 1,50,000, ಅಲ್ಲೇ ಹತರಾದವರು 1,00,000, ಇನ್ನೂ ಸತ್ತವರು ಅದರ ಎಷ್ಟೋ ಪಟ್ಟು. ತಮಗೇನೂ ಆಗದಿದ್ದರೂ ಗೆಳೆಯರ, ಬಂಧುಗಳ ನೋವಿನಿಂದ ನೊಂದವರನ್ನೂ ಆ ಲೆಕ್ಕಕ್ಕೆ ಸೇರಿಸುತ್ತಾನೆ. ಗೆಲುವನ್ನು ಸಾರುವ ರಾಜರು ಬಹಳ. ಇವನು ಗೆದ್ದು ಮರುಗಿದೆನೆಂದು ಕಲ್ಲಿನಲ್ಲಿ ಕೆತ್ತಿಸಿದ.

ಆದರೂ ಒಂದು ಪ್ರಶ್ನೆಯಿಂದ ನಾವು ತಪ್ಪಿಸಿಕೊಳ್ಳಬಾರದು. ಮರುಗಿದವನು ಕಳಿಂಗವನ್ನು ತಿರುಗಿ ಕೊಡಲಿಲ್ಲ. ಅದೇ ಶಾಸನದಲ್ಲಿ ಕಾಡಿನ ಜನರಿಗೆ ತನ್ನ ಬಲವನ್ನು ನೆನಪಿಸಿ ಎಚ್ಚರಿಕೆಯನ್ನೂ ಕೊಟ್ಟಿದ್ದಾನೆ. ಕಳಿಂಗದೊಳಗಿನ ಧೌಲಿ, ಜೌಗಡಗಳಲ್ಲಿ ಈ ಶಾಸನವನ್ನು ಕೆತ್ತಿಸಲೇ ಇಲ್ಲ. ಹಾಗಾದರೆ ಈ ಪಶ್ಚಾತ್ತಾಪದ ಬೆಲೆ ಏನು? ಮಗನನ್ನು ಕಳೆದುಕೊಂಡ ಕಳಿಂಗದ ತಾಯಿ ಕೇಳಿದರೆ ಏನು ಹೇಳೋಣ?

ಅಲ್ಲಿ ಅದರ ಬದಲು ಏನು ಕೆತ್ತಿಸಿದ ನೋಡಿ. ಅಧಿಕಾರಿಗಳಿಗೆ ಬರೆದ ಆಜ್ಞೆ! ಸನ್ನತಿಯ ಕಲ್ಲಿನಲ್ಲೂ ಅದರ ಪಾಠ ಇದೆ. ಪೀಠಕ್ಕಾಗಿ ತೂತು ಕೊರೆದಲ್ಲಿ ಅಕ್ಷರ ಹೋಗಿವೆ. ಎಲ್ಲ ಮನುಷ್ಯರೂ ತನ್ನ ಮಕ್ಕಳು, ಕಾರಣವಿಲ್ಲದೆ ಯಾರೂ ಸೆರೆಯಲ್ಲಿ ಕೊಳೆಯಬಾರದು ಎಂಬುದು ಅದರ ತಿರುಳು. ನ್ಯಾಯ ಕೆಡಿಸುವ ಏಳು ದೋಷಗಳನ್ನೂ ಎಣಿಸುತ್ತಾನೆ: ಹೊಟ್ಟೆಕಿಚ್ಚು, ಮುಂಗೋಪ, ಕ್ರೌರ್ಯ, ಆತುರ, ಅಭ್ಯಾಸದ ಕೊರತೆ, ಸೋಮಾರಿತನ, ದಣಿವು. ದಣಿದವನು ಮೇಲೇಳಲಾರ, ಆದರೂ ಎದ್ದು ನಡೆಯಲೇಬೇಕು ಎನ್ನುತ್ತಾನೆ. ತಿಷ್ಯ ನಕ್ಷತ್ರದ ದಿನ ಇದನ್ನು ಓದಿ ಹೇಳಬೇಕು, ಕೇಳುವವನು ಒಬ್ಬನೇ ಇದ್ದರೂ ಓದಬಹುದು ಎಂಬ ಮಾತೂ ಇದೆ.

ಆ ತಾಯಿಗೆ ಮಗ ಬರಲಿಲ್ಲ. ಆ ಸಾಲ ತೀರಲಿಲ್ಲ, ತೀರಿತೆಂದು ನಾವು ಹೇಳಲೂ ಬಾರದು. ಆದರೆ ಅವಳ ಉಳಿದ ಮಕ್ಕಳು ಒಬ್ಬ ಅಧಿಕಾರಿಯ ಸಿಟ್ಟಿಗೆ, ಆಲಸ್ಯಕ್ಕೆ ಬಲಿಯಾಗದಂತೆ ಕಾಯುವ ಕೆಲಸವನ್ನು ಅಶೋಕ ತನ್ನ ಮೇಲೆ ಹೊತ್ತುಕೊಂಡ. ಮರೆತು ಮುಂದೆ ಹೋಗುವುದು ಸುಲಭ. ಸತ್ತವರ ಲೆಕ್ಕ ಇಟ್ಟುಕೊಂಡೇ ಬದುಕಿರುವವರಿಗಾಗಿ ದಿನಾ ಏಳುವುದು ಕಷ್ಟ. ನಾಯಕತ್ವ ಎಂದರೆ ಅದೇ ಎಂದು ನನಗನಿಸುತ್ತದೆ.

ನಮಗೆ ರಾಜ್ಯವಿಲ್ಲ. ಆದರೆ ಮನೆಯಲ್ಲಿ, ಹೊಲದಲ್ಲಿ, ಶಾಲೆಯಲ್ಲಿ ನಮ್ಮ ಮಾತಿಗೆ ಕಾಯುವವರು ಇದ್ದಾರೆ.

*ಇಂದಿನ ಅಭ್ಯಾಸ:* ಆ ಏಳರಲ್ಲಿ ಯಾವುದು ಇವತ್ತು ನನ್ನಲ್ಲಿದೆ, ಅದರಿಂದ ನೋಯುವವರು ಯಾರು ಎಂದು ಮಲಗುವ ಮುಂಚೆ ಐದು ನಿಮಿಷ ನೋಡೋಣ.

ಭವತು ಸಬ್ಬ ಮಂಗಲಂ 🌸
ಜೈ ಭೀಮ್