ಎಮ್ಮೆಯ ಕಿವಿಗೆ ಬೀಳುವುದು

ಗೊರೂರು ರಾಮಸ್ವಾಮಿ ಅಯ್ಯಂಗಾರರ (1904–1991) ಪ್ರಬಂಧವೊಂದರ ಹೆಸರೇ ಒಂದು ಪ್ರಶ್ನೆ: 'ನಮ್ಮ ಎಮ್ಮೆಗೆ ಮಾತು ತಿಳಿಯುವುದೇ?' ಹೆಸರು ಕೇಳಿದರೇ ನಗು ಬರುತ್ತದೆ. ಆದರೆ ಅವರ ಊರಿನ ಹೇಮಾವತಿ ಹೊಳೆಯ ದಂಡೆಯಲ್ಲಿ ಎಮ್ಮೆ ಕಟ್ಟಿಕೊಂಡಿದ್ದ ಮನೆಯವರಿಗೆ ಅದು ದಿನಕ್ಕೆರಡು ಸಲ ಎದುರಾಗುತ್ತಿದ್ದ ಪ್ರಶ್ನೆ. ಉತ್ತರ ತಂಬಿಗೆಯಲ್ಲಿ ಕಾಣುತ್ತಿತ್ತು.

ಎಮ್ಮೆಯ ಕೆಚ್ಚಲಲ್ಲಿ ಕೈಹಾಕಿದೊಡನೆ ಸಿಗುವ ಹಾಲು ನೂರಕ್ಕೆ ಐದು ಪಾಲು ಮಾತ್ರ. ಮಿಕ್ಕಿದ್ದು ಮೇಲೆ, ಸಣ್ಣ ಗೂಡುಗಳಲ್ಲಿ ಅಡಗಿರುತ್ತದೆ. ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಬಂದರಷ್ಟೇ ಅದು ಇಳಿಯುವುದು. ಎಮ್ಮೆ ಬೆದರಿತೋ, ಎಲ್ಲ ಅಲ್ಲೇ ನಿಂತಿತು. ಹಸುವಾದರೆ ಒಂದಿಷ್ಟಾದರೂ ಕೊಟ್ಟೀತು. ಎಮ್ಮೆ ಆ ದಾಕ್ಷಿಣ್ಯಕ್ಕೆ ಸೇರಿದ್ದಲ್ಲ. ಅತ್ತೆ ಊರಿಗೆ ಹೋದ ದಿನ ಸೊಸೆ ಅತ್ತೆಯ ಸೀರೆ ಸುತ್ತಿಕೊಂಡು ಹಾಲು ಕರೆಯಲು ಕೂರುತ್ತಿದ್ದುದು ಇದಕ್ಕೇ.

ಇನ್ನು ಮಾತು. "ಥೂ ಮೂದೇವಿ, ನಿನ್ ಮನೆ ಹಾಳಾಗ, ನೆಟ್ಟಗೆ ನಿಂತ್ಕೊಳ್ಳೇ" ಎಂದು ಅಜ್ಜಿ ಬೈಯುತ್ತಲೇ ಇರುತ್ತಾಳೆ, ಎಮ್ಮೆ ಸೊರ ಬಿಟ್ಟು ಹಾಲಿಳಿಸುತ್ತಲೇ ಇರುತ್ತದೆ. ಅದೇ ಮಾತನ್ನು ಬರೆದು ಓದಿಸಿದರೆ ಮನುಷ್ಯರು ಜಗಳಕ್ಕೆ ಬಂದಾರು. ಎದೆಯೊಳಗೆ ಸಿಟ್ಟಿಟ್ಟುಕೊಂಡು "ಬಾರೇ ತಾಯಿ" ಎಂದು ಹತ್ತಿರ ಕೂತವನಿಗೆ ಎಮ್ಮೆ ಕೊಡುವುದು ಒದೆ.

ಮಾತು ಬಿಟ್ಟು ಮನುಷ್ಯನನ್ನೇ ಓದುವುದು ಎಮ್ಮೆಯೊಂದೇ ಅಲ್ಲ. ಕಳೆದ ಶತಮಾನದ ಆರಂಭದಲ್ಲಿ ಬರ್ಲಿನ್‌ನ ಹ್ಯಾನ್ಸ್ ಎಂಬ ಕುದುರೆ ಕೂಡುವ ಕಳೆಯುವ ಲೆಕ್ಕಕ್ಕೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಪರೀಕ್ಷಿಸಿ ನೋಡಿದ: ಸರಿಯುತ್ತರ ಬಂದ ಕ್ಷಣ ಕೇಳುವವನ ತಲೆ ತನಗೇ ಅರಿವಿಲ್ಲದೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಕುದುರೆ ಅಲ್ಲಿಗೆ ನಿಲ್ಲಿಸುತ್ತಿತ್ತು. ಕುದುರೆಗೆ ಗಣಿತ ಬಾರದು ಎಂದು ವಿದ್ವಾಂಸರು ನಿಟ್ಟುಸಿರು ಬಿಟ್ಟರಂತೆ ಕಾಣುತ್ತದೆ. ನನಗೇನೋ ಗಣಿತಕ್ಕಿಂತ ಆ ಅಲುಗಾಟವನ್ನು ಓದುವುದೇ ದೊಡ್ಡ ವಿದ್ಯೆ ಎನಿಸುತ್ತದೆ.

ಈಗ ಹಾಸನದ ಕಡೆಯ ಕೊಟ್ಟಿಗೆಗಳಲ್ಲಿ ಎಮ್ಮೆಗಿಂತ ಸೀಮೆಹಸುವೇ ಹೆಚ್ಚು. ಕಿವಿಯಲ್ಲಿ ಹಳದಿ ಬಿಲ್ಲೆ, ಅದರ ಮೇಲೆ 12 ಅಂಕಿಗಳ ಸಂಖ್ಯೆ. ವಿಮೆಗೆ, ಲಸಿಕೆಗೆ ಅದು ಬೇಕು, ಸರಿ. ಆದರೆ ಸಂಖ್ಯೆಗೆ ಹಾಲು ಇಳಿಯದು. ಪುಸಲಾಯಿಸಲು ಪುರುಸೊತ್ತಿಲ್ಲದ ಕೆಲವರು ಕಳ್ಳದಾರಿಯಲ್ಲಿ ಆ ಆಕ್ಸಿಟೋಸಿನ್ ಹಾರ್ಮೋನನ್ನೇ ತಂದು ಸೂಜಿಯಲ್ಲಿ ಚುಚ್ಚುತ್ತಾರೆ. ಹಾಲಿಗಾಗಿ ಪ್ರಾಣಿಯ ಆರೋಗ್ಯ ಕೆಡಿಸುವ ಇಂಥ ಚುಚ್ಚುಮದ್ದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಹಾಲು ಕರೆಯುವ ಯಂತ್ರವಾದರೂ ಈ ತೊಡಕನ್ನು ನೀಗಿಸಿತೆ? ಇಲ್ಲ. ಎಮ್ಮೆ ಸೊರ ಬಿಡದಿದ್ದರೆ ಯಂತ್ರವೂ ಬರಿದೆ ಗಾಳಿ ಎಳೆಯುತ್ತದೆ. ಯಂತ್ರ ಕೊಂಡವರೂ ಮೊದಲು ಕೆಚ್ಚಲು ತೊಳೆದು, ಕೈಯಾಡಿಸಿ, ಒಂದೆರಡು ಬೈಗುಳವನ್ನೂ ಬೈದು, ಆಮೇಲೆ ಸ್ವಿಚ್ ಹಾಕುತ್ತಾರೆ.