ನೆರೆಯವನ ಬಾವಿಯ ನೀರು

ಹರಿಯುವ ಹೊಳೆಯ ದಡದಲ್ಲಿ ವುಝೂ ಮಾಡುವಾಗಲೂ ನೀರನ್ನು ದುಂದು ಮಾಡಬಾರದೆಂಬ ಪ್ರವಾದಿ(ಸ)ರ ಬೋಧನೆಯನ್ನು ಕೇಳಿ ಬೆಳೆದವರು ನಾವು. ಮಸೀದಿಯ ನಲ್ಲಿಯ ಮುಂದೆ ಅದು ನೆನಪಾಗುವುದು ಅಪರೂಪ, ಆ ಮಾತು ಬೇರೆ. ಆದರೆ ನಲ್ಲಿಗಿಂತ ದೊಡ್ಡ ಪ್ರಶ್ನೆ ಕೊಳವೆಬಾವಿಯದು. ನಮ್ಮ ಜಮೀನಿನ ಅಡಿಯಲ್ಲಿರುವ ನೀರೆಲ್ಲ ನಮ್ಮದೇ?

ಇಸ್ಲಾಮೀ ಕರ್ಮಶಾಸ್ತ್ರವು ಬಾವಿಗೆ 'ಹರೀಮ್' ಎಂಬ ರಕ್ಷಿತ ವಲಯವನ್ನು ನಿಗದಿಪಡಿಸಿದೆ. ಯಾರಿಗೂ ಸೇರದ ಭೂಮಿಯಲ್ಲಿ ಒಬ್ಬನು ಬಾವಿ ತೋಡಿದರೆ ಆ ವಲಯದೊಳಗೆ ಇನ್ನೊಬ್ಬನು ತೋಡುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ಉಸ್ಮಾನೀ ಕಾನೂನು ಸಂಹಿತೆ 'ಮಜಲ್ಲ' ಇದನ್ನು ಎಲ್ಲ ಕಡೆಗೂ 40 ಮೊಳ ಎಂದಿತು. ಆದರೆ ಸ್ವಂತ ಜಮೀನಿನಲ್ಲಿ ತೋಡಿದ್ದರಿಂದ ಪಕ್ಕದವನ ಬಾವಿ ಬತ್ತಿದರೆ? ಹನಫೀ ವಿದ್ವಾಂಸರು ಸಾಮಾನ್ಯವಾಗಿ ಒಡೆಯನ ಹಕ್ಕನ್ನೇ ಎತ್ತಿ ಹಿಡಿದರು. ನೆರೆಯವನ ಬಾವಿಗೆ ಹಾನಿಯಾಗುವುದಾದರೆ ತಡೆಯಬೇಕೆಂಬುದು ಇಮಾಮ್ ಮಾಲಿಕ್(ರ)ರ ನಿಲುವು.

ಹಗ್ಗ, ಕೊಡಗಳ ಕಾಲದಲ್ಲಿ ಮೊದಲ ಅಭಿಪ್ರಾಯದಿಂದ ಹೆಚ್ಚಿನ ಕೇಡು ಆಗುತ್ತಿರಲಿಲ್ಲ. ಒಬ್ಬ ಮನುಷ್ಯನ ತೋಳು ಎಷ್ಟು ತಾನೇ ಸೇದೀತು? ಕೋಲಾರದ ಹೊಲಗಳಲ್ಲಿ ಸಾವಿರ ಅಡಿಗೂ ಆಳಕ್ಕೆ ಕೊರೆಯುವ ಇಂದಿನ ಕಥೆಯೇ ಬೇರೆ. ಹಣವಿದ್ದವನ ಮೋಟಾರು ಎಳೆದಷ್ಟೂ ಬಡವನ ಬಾವಿ ಒಣಗುತ್ತದೆ. ಅವನೂ ಸಾಲ ಮಾಡಿ ಕೊರೆಸುತ್ತಾನೆ, ನೀರು ಸಿಗದಿದ್ದರೂ ಸಾಲ ಉಳಿಯುತ್ತದೆ. ಕರ್ನಾಟಕದ 2011ರ ಅಂತರ್ಜಲ ಕಾಯ್ದೆಯು ಅಧಿಸೂಚಿತ ಪ್ರದೇಶಗಳಲ್ಲಿ ಅನುಮತಿ ಕಡ್ಡಾಯ ಮಾಡಿದೆ. ಆದರೆ ಅನುಮತಿ ಪತ್ರಕ್ಕೆ ನೆರೆಯವನ ಕಣ್ಣೀರು ಕಾಣಿಸುವುದಿಲ್ಲ.

ನೀರು, ಹುಲ್ಲು, ಬೆಂಕಿಯಲ್ಲಿ ಜನರೆಲ್ಲರೂ ಪಾಲುದಾರರೆಂಬ ಹದೀಸ್ ಮುಂದಿರುವಾಗ, ಈ ಕಾಲಕ್ಕೆ ಇಮಾಮ್ ಮಾಲಿಕ್‌(ರ)ರ ಅಭಿಪ್ರಾಯವೇ ನ್ಯಾಯಕ್ಕೆ ಹತ್ತಿರವೆಂದು ನಮಗನಿಸುತ್ತದೆ. ನಮ್ಮ ಮಸೀದಿ ಕಮಿಟಿಗಳು ಕೊರೆಸುವ ಕೊಳವೆಬಾವಿಗಳೂ ಇದಕ್ಕೆ ಹೊರತಲ್ಲ.