ಇಂದಿನ ಧಮ್ಮ ಚಿಂತನೆ: ಕಡತದೊಳಗಿನ ಸುಳ್ಳು



ಪಂಚಶೀಲದ ನಾಲ್ಕನೆಯದು ಸುಳ್ಳಾಡದಿರುವುದು. ಮಕ್ಕಳು ಹೋಂವರ್ಕ್ ಬಗ್ಗೆ ಹೇಳುವ ಸುಳ್ಳನ್ನು ಉದಾಹರಿಸಿ ಇದನ್ನು ಮುಗಿಸಿಬಿಡುವವರಿದ್ದಾರೆ. ನನಗೆ ಅಷ್ಟು ಸಾಲದು. ಮೊಹರು ಒತ್ತಿ, ಸಹಿ ಹಾಕಿ ಕಡತದಲ್ಲಿಟ್ಟ ಸುಳ್ಳೂ ಮುಸಾವಾದವೇ. ದಕ್ಷಿಣ ಆಫ್ರಿಕಾದ ಒಬ್ಬ ಮೇಷ್ಟ್ರ ಕಥೆ ಕೇಳಿ.

ಅಹ್ಮದ್ ತಿಮೋಲ್ ಹುಟ್ಟಿದ್ದು 1941ರಲ್ಲಿ, ಭಾರತೀಯ ಮೂಲದ ಮುಸ್ಲಿಂ ಮನೆಯಲ್ಲಿ. ಜೊಹಾನ್ಸ್‌ಬರ್ಗ್ ಹತ್ತಿರದ ರೂಡಪೋರ್ಟ್‌ನಲ್ಲಿ ಶಿಕ್ಷಕರಾಗಿದ್ದರು. ಮೈಬಣ್ಣ ನೋಡಿ ಕೇರಿ, ಶಾಲೆ, ಬೆಂಚು ಹಂಚುವ ವ್ಯವಸ್ಥೆ ಎಂಥದೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅದರ ವಿರುದ್ಧ ಅವರು ನಿಷೇಧಿತ ಕಮ್ಯುನಿಸ್ಟ್ ಪಕ್ಷದಲ್ಲಿ ಗುಟ್ಟಾಗಿ ದುಡಿದರು. 1971ರ ಅಕ್ಟೋಬರ್ 22ರಂದು ಪೊಲೀಸರು ರಸ್ತೆಯಲ್ಲಿ ಕಾರು ತಡೆದು ಅವರನ್ನೂ ಜೊತೆಗಿದ್ದ ಸಲೀಂ ಎಸ್ಸೋಪ್ ಅವರನ್ನೂ ಹಿಡಿದರು. 27ರಂದು ಜಾನ್ ಫೋರ್ಸ್ಟರ್ ಸ್ಕ್ವೇರ್ ಪೊಲೀಸ್ ಕಟ್ಟಡದ ಮೇಲಿನಿಂದ ಬಿದ್ದು ತಿಮೋಲ್ ಸತ್ತರು. ವಯಸ್ಸು 29.

ಹತ್ತನೇ ಮಹಡಿಯ ಕಿಟಕಿಯಿಂದ ತಾನೇ ಹಾರಿದ ಎಂದರು ಪೊಲೀಸರು. 1972ರಲ್ಲಿ ಮ್ಯಾಜಿಸ್ಟ್ರೇಟರು ಅದನ್ನೇ ಒಪ್ಪಿ ಆತ್ಮಹತ್ಯೆ ಎಂದು ಬರೆದರು.

ಈ ಒಂದು ಪದ ಏನೇನು ಮಾಡುತ್ತದೆ ನೋಡಿ. ಕೊಂದವನು ಮಾಯವಾಗುತ್ತಾನೆ. ಸತ್ತವನೇ ತನ್ನ ಸಾವಿನ ಅಪರಾಧಿಯಾಗುತ್ತಾನೆ. ಮಗನನ್ನು ಕಳೆದುಕೊಂಡ ತಾಯಿಯ ತಲೆಯ ಮೇಲೆ, ಆತ್ಮಹತ್ಯೆಯನ್ನು ಮಹಾಪಾಪವೆನ್ನುವ ಅವಳದೇ ಧರ್ಮದ ಭಾರ ಬೇರೆ ಬೀಳುತ್ತದೆ. ಕಳ್ಳ ಕದ್ದದ್ದನ್ನು ಹಿಂದಿರುಗಿಸಬಹುದು. ಇಂಥ ಪದ ಕಿತ್ತುಕೊಂಡದ್ದನ್ನು ಯಾರು ಹಿಂದಿರುಗಿಸುತ್ತಾರೆ?

ತಾಯಿ ಹವಾ ತಿಮೋಲ್ 1996ರಲ್ಲಿ ಸತ್ಯ ಮತ್ತು ಸಂಧಾನ ಆಯೋಗದ ಮುಂದೆ ಕೂತು ಮಗನ ಸಾವಿನ ಬಗ್ಗೆ ಹೇಳಿದರು. 1999ರಲ್ಲಿ ಅಜಾದ್‌ವಿಲ್‌ನ ಶಾಲೆಯೊಂದಕ್ಕೆ ತಿಮೋಲರ ಹೆಸರಿಟ್ಟರು, ಇಟ್ಟವರು ಮಂಡೇಲಾ. ಆದರೂ ಕಡತದಲ್ಲಿ ಹಳೆಯ ಪದವೇ ಉಳಿದಿತ್ತು. ಸೋದರಳಿಯ ಇಮ್ತಿಯಾಜ್ ಕಾಜಿ ಬಿಡದೆ ಹಿಂದೆ ಬಿದ್ದರು. ವಿಚಾರಣೆ ಮತ್ತೆ ತೆರೆಯಿತು. ಎಸ್ಸೋಪ್ ತಾವು ಅನುಭವಿಸಿದ ಚಿತ್ರಹಿಂಸೆಯನ್ನು ಸಾಕ್ಷಿಯಾಗಿ ನುಡಿದರು. ಬೀಳುವ ಮೊದಲೇ ತಿಮೋಲರ ಮೈಮೇಲೆ ಗಾಯಗಳಿದ್ದವು ಎಂದು ತಜ್ಞವೈದ್ಯರು ಹೇಳಿದರು. 2017ರ ಅಕ್ಟೋಬರ್ 12ರಂದು ನ್ಯಾಯಮೂರ್ತಿ ಮೊತ್ಲೆ ತೀರ್ಪಿತ್ತರು: ತಳ್ಳಿದ್ದು, ಕೊಲೆ.

ನಲವತ್ತೈದು ವರ್ಷ. ಅಷ್ಟರಲ್ಲಿ ತಾಯಿ ತೀರಿಕೊಂಡಿದ್ದರು. ಆರೋಪ ಹೊತ್ತ ಪೊಲೀಸ್ ರೊಡ್ರಿಗಸ್ ಕೂಡ ವಿಚಾರಣೆ ಎದುರಿಸದೆಯೇ 2021ರಲ್ಲಿ ಸತ್ತ. ಶಿಕ್ಷೆಯಾಗಲಿಲ್ಲವಲ್ಲ, ಏನು ಸಿಕ್ಕಿತು ಎಂದು ಕೇಳುವವರಿಗೆ ನನ್ನ ಉತ್ತರ: ಕಡತದಲ್ಲಿ ಒಂದು ಪದ ಬದಲಾಯಿತು. ಅದನ್ನು ನಾನು ಸಣ್ಣದೆನ್ನಲಾರೆ.

ಈ ಭಾನುವಾರದ ವಂದನೆಯಲ್ಲಿ ನಾಲ್ಕನೆಯ ಶೀಲ ಹೇಳುವಾಗ ಹವಾ ತಿಮೋಲರನ್ನು ಒಂದು ಗಳಿಗೆ ನೆನೆಯೋಣ ಎಂದು ನನ್ನ ವಿನಂತಿ.

ಜೈಭೀಮ್.